ಆಫ್ ಮಾಡಬಾರದ ಕಂಪ್ಯೂಟರ್

1990ರ ಕೊನೆಯ ಹೊತ್ತಿಗೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ಕಪ್ಪು ಬಣ್ಣದ ನೆಕ್ಸ್ಟ್ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿದ್ದರು. ಇದು ಸರ್ವರ್, ಯಾರೂ ಆಫ್ ಮಾಡಕೂಡದು ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಜಗತ್ತಿನ ಮೊದಲ ವೆಬ್ ಸರ್ವರ್ ಅದೇ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿದ್ದ ಮೇಜಿನ ಕಂಪ್ಯೂಟರನ್ನು ಸರ್ವರ್ ಮಾಡಿದ್ದು ಎರಡೇ ಸಂಗತಿ: ಯಾರು ಕೇಳಿದರೂ ಉತ್ತರ ಕೊಡುವ ಒಂದು ತಂತ್ರಾಂಶ ಮತ್ತು ಆ ಚೀಟಿ.

ಇವತ್ತಿಗೂ ಅಷ್ಟೇ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಡೆಸ್ಕ್‌ಟಾಪ್ ಕೂಡ ಸರ್ವರ್ ಆದೀತು. ಹಾಗಿದ್ದ ಮೇಲೆ ತಿಂಗಳು ತಿಂಗಳೂ ದುಡ್ಡು ಕೊಟ್ಟು ಜರ್ಮನಿಯಲ್ಲೋ ಮುಂಬೈಯಲ್ಲೋ ಒಂದು ಯಂತ್ರವನ್ನು ಬಾಡಿಗೆಗೆ ಹಿಡಿಯುವುದು ಯಾಕೆ? ಹಂಚಿದ ತುಂಡಲ್ಲ, ಇಡೀ ಯಂತ್ರವೇ ನಿಮಗೊಬ್ಬರಿಗೆ ಮೀಸಲು. ಇದಕ್ಕೇ ಡೆಡಿಕೇಟೆಡ್ ಸರ್ವರ್ ಅನ್ನುವುದು.

ಶಿರಸಿ ಕಡೆಯ ಒಂದು ತಾಳಮದ್ದಳೆ ಸಂಘವನ್ನು ಊಹಿಸಿಕೊಳ್ಳಿ. ಕ್ಯಾಸೆಟ್ ಕಾಲದಿಂದ ಕೂಡಿಟ್ಟ ಧ್ವನಿಮುದ್ರಣ, ಈಚಿನ ವಿಡಿಯೋ ಎಲ್ಲ ಸೇರಿ ಎರಡು ಟೆರಾಬೈಟ್ ಇದೆ. ಅದು ಊರಿನವರಿಗೂ ಬೇಕು, ಬೆಂಗಳೂರು ಸೇರಿದವರಿಗೂ ಬೇಕು, ನ್ಯೂಜೆರ್ಸಿಯಲ್ಲಿರುವ ಭಾವನಿಗೂ ಬೇಕು. ಎಲ್ಲಿಡಬೇಕು?

ಮೊದಲು ಕರೆಂಟು ನೋಡೋಣ. ಅಟ್ಟದ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ದರೂ 60 ವ್ಯಾಟ್ ಎಳೆಯುತ್ತದೆ ಅನ್ನಿ. ದಿನದ 24 ಗಂಟೆ, ತಿಂಗಳ 30 ದಿನ ಓಡಿದರೆ 43 ಯೂನಿಟ್. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮನೆಗಳಲ್ಲಿ ಇದು ಇನ್ನೊಂದು ಬಗೆಯಲ್ಲೂ ಕಚ್ಚುತ್ತದೆ. ಉಚಿತದ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. ಆ ಮನೆಯ ಹಳೆಯ ಸರಾಸರಿ ಬಳಕೆಯ ಮೇಲೆ ತುಸು ಹೆಚ್ಚು ಸೇರಿಸಿ ನಿಗದಿಯಾದದ್ದು. ಅದರಾಚೆಗಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಬಳಕೆ 200 ದಾಟಿದರೆ ಇಡೀ ಬಿಲ್ ಮೈಮೇಲೆ. ಬಿಟ್ಟಿ ಸಿಕ್ಕ ಡೆಸ್ಕ್‌ಟಾಪ್ ಬಿಟ್ಟಿಯಲ್ಲ. ಅಂಗೈಗಿಂತ ತುಸು ದೊಡ್ಡದಾದ, ಇಂಟೆಲ್ ಎನ್100ರಂಥ ಚಿಪ್ ಇರುವ ಮಿನಿ ಪಿಸಿ ಡಿಸ್ಕ್ ಸಮೇತ 15 ವ್ಯಾಟ್ ಎಳೆದರೆ ತಿಂಗಳಿಗೆ 11 ಯೂನಿಟ್ ಆಯಿತು. ಸಂಘದ ಕೆಲಸಕ್ಕೆ ಅದು ಧಾರಾಳ.

ಕರೆಂಟು ಎಷ್ಟು ತಿನ್ನುತ್ತದೆ ಅನ್ನುವುದಕ್ಕಿಂತ ಕರೆಂಟು ಹೋದಾಗ ಏನಾಗುತ್ತದೆ ಅನ್ನುವುದು ಮಲೆನಾಡಿನಲ್ಲಿ ದೊಡ್ಡ ಪ್ರಶ್ನೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅಂತ ಧೈರ್ಯ ತಾಳಬೇಡಿ. ಡೆಸ್ಕ್‌ಟಾಪಿನ ಪವರ್ ಸಪ್ಲೈ ಹೊರಗಿನ ಕರೆಂಟಿಲ್ಲದೆ ಉಸಿರು ಹಿಡಿದಿರುವುದು ಸುಮಾರು 16 ಮಿಲಿಸೆಕೆಂಡು ಮಾತ್ರ. ಸಾಮಾನ್ಯ ಮೋಡ್‌ನಲ್ಲಿರುವ ಇನ್ವರ್ಟರ್ ಮೇನ್ಸ್‌ನಿಂದ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಫ್ಯಾನು, ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರಪ್ಪನೆ ಬಿದ್ದು ಮತ್ತೆ ಏಳುತ್ತದೆ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್‌ಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಯಾರೂ ಮುಟ್ಟಿರುವುದಿಲ್ಲ, ಮುಟ್ಟಿ. ಅಡಾಪ್ಟರಿನಿಂದ 12 ವೋಲ್ಟ್ ತೆಗೆದುಕೊಳ್ಳುವ ಮಿನಿ ಪಿಸಿಯಾದರೆ ಇನ್ನೂ ಸಲೀಸು, ಸರಿಯಾದ ಆಂಪಿಯರಿನ ಪುಟ್ಟ ಡಿಸಿ ಯುಪಿಎಸ್ ಸಾಕು. ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅರ್ಧ ಬರೆದ ದತ್ತಾಂಶ ಉಳಿಯುತ್ತದೆ. ಈಗಿನ ಫೈಲ್ ವ್ಯವಸ್ಥೆಗಳು ಮಾಡಹೊರಟದ್ದನ್ನು ಮೊದಲು ದಿನಚರಿಯಲ್ಲಿ ಗುರುತು ಹಾಕಿಕೊಂಡು ಎಷ್ಟೋ ಸಲ ಚೇತರಿಸಿಕೊಳ್ಳುತ್ತವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಎಸ್‌ಡಿ ಕಾರ್ಡಿನ ಹಣೆಬರಹ ಅಷ್ಟು ಚೆನ್ನಾಗಿಲ್ಲ.

ಇಷ್ಟೆಲ್ಲ ಸರಿಮಾಡಿಕೊಂಡರೂ ಮನೆಯ ಸರ್ವರ್ ಎಡವುವುದು ಬೇರೆ ಕಡೆ: ವಿಳಾಸದಲ್ಲಿ.

ಹಳೆಯ ಐಪಿ ವಿಳಾಸ 32 ಬಿಟ್‌ನದ್ದು. ಅಂದರೆ ಇಡೀ ಜಗತ್ತಿಗೆ ಸುಮಾರು 430 ಕೋಟಿ ವಿಳಾಸ, ಅಷ್ಟೇ. ಏಷ್ಯಾ-ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಏಪ್ನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕಣಜದ ತಳ ಮುಟ್ಟಿ ಪಡಿತರ ಶುರುಮಾಡಿತು. ಇಂಟರ್ನೆಟ್ ಕಂಪನಿಗಳು ಆಗ ಹಿಡಿದ ದಾರಿ, ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವುದು. ದೊಡ್ಡ ಅಪಾರ್ಟ್‌ಮೆಂಟಿನ ಒಂದೇ ಗೇಟನ್ನು ನೆನೆದುಕೊಳ್ಳಿ. ನೀವು ಊಟ ತರಿಸಿದ್ದೀರಿ ಎಂದು ಗೇಟಿನವನಿಗೆ ಗೊತ್ತಿದ್ದರೆ ತಂದವನನ್ನು ನಿಮ್ಮ ಮನೆಗೇ ಕಳಿಸುತ್ತಾನೆ. ಹೇಳದೆ ಕೇಳದೆ ಬಂದ ನೆಂಟನನ್ನು ಯಾವ ಮನೆಗೆ ಕಳಿಸಬೇಕು? ವಾಪಸ್ ಅಟ್ಟುತ್ತಾನೆ. ನೀವು ಸಿನಿಮಾ ನೋಡುವುದು, ಪೇಪರ್ ಓದುವುದು ಎಲ್ಲ ಊಟ ತರಿಸಿದ ಹಾಗೆ; ಕೋರಿಕೆ ಒಳಗಿನಿಂದ ಹೊರಡುತ್ತದೆ. ಸರ್ವರ್ ಬದುಕುವುದೇ ಹೇಳದೆ ಬರುವ ನೆಂಟರಿಂದ. ನ್ಯೂಜೆರ್ಸಿಯ ಭಾವನ ಕೋರಿಕೆ ಗೇಟಿನಲ್ಲೇ ಸಾಯುತ್ತದೆ.

ಈ ಏರ್ಪಾಟಿನ ಹೆಸರು ಸಿಜಿನ್ಯಾಟ್. ಅದಕ್ಕೆಂದೇ 2012ರಲ್ಲಿ ಒಂದು ವಿಳಾಸ ಶ್ರೇಣಿಯನ್ನು ಮೀಸಲಿಟ್ಟರು: 100.64ರಿಂದ 100.127ರವರೆಗೆ. ನಿಮ್ಮ ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಹೊರಗಿನ ವಿಳಾಸ ಈ ಅಂಕಿಗಳಿಂದ ಶುರುವಾಗಿದ್ದರೆ ನೀವು ಗೇಟಿನ ಒಳಗಿದ್ದೀರಿ. ಐಪಿವಿ6 ಎಂಬ ಹೊಸ ಬಗೆಯಲ್ಲಿ ವಿಳಾಸಕ್ಕೆ ಬರವಿಲ್ಲ, ನಮ್ಮ ದೊಡ್ಡ ಕಂಪನಿಗಳು ಅದನ್ನು ಕೊಡುತ್ತಿವೆ ಕೂಡ. ಆದರೆ ಆ ತುದಿಯಲ್ಲಿರುವವರಿಗೂ ಅದು ಇರಬೇಕಲ್ಲ. ಇಮೇಲ್ ಸರ್ವರಿನ ಆಸೆಯನ್ನಂತೂ ಮನೆಯಲ್ಲಿ ಬಿಟ್ಟುಬಿಡುವುದು ಲೇಸು. ಮನೆ ಸಂಪರ್ಕಗಳ ವಿಳಾಸಗಳನ್ನು ಸ್ಪ್ಯಾಮ್‌ಹೌಸ್‌ನಂಥ ಪಟ್ಟಿಗಳು ಮೊದಲೇ ಗುರುತಿಸಿಟ್ಟಿರುತ್ತವೆ. ಅಲ್ಲಿಂದ ನೇರ ಹೊರಟ ಪತ್ರ ಎಷ್ಟೋ ಕಡೆ ಮುಟ್ಟುವುದೇ ಇಲ್ಲ.

ಬಾಡಿಗೆ ಕೊಟ್ಟಾಗ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಇದನ್ನು: ಜಗತ್ತಿಗೆಲ್ಲ ಕಾಣುವ ವಿಳಾಸ, ದಪ್ಪ ತಂತಿ, ನಿಲ್ಲದ ಕರೆಂಟು. ಯಂತ್ರ ಅದರ ಜೊತೆ ಬರುತ್ತದೆ. ಜರ್ಮನಿಯ ಹೆಟ್ಸ್‌ನರ್ ಕಂಪನಿ ಹಳೆಯ ಗಿರಾಕಿಗಳು ಬಿಟ್ಟುಹೋದ ಯಂತ್ರಗಳನ್ನು ಹರಾಜಿನ ಪಟ್ಟಿಯಲ್ಲಿ ಅಗ್ಗಕ್ಕೆ ಬಾಡಿಗೆಗೆ ಬಿಡುತ್ತದೆ, ಯಂತ್ರ ಹಳೆಯದು ಅನ್ನುವುದು ಅಲ್ಲಿ ಗುಟ್ಟೇನಲ್ಲ. ಸಂಘದ ಎರಡು ಟೆರಾಬೈಟನ್ನು ಸೆಕೆಂಡಿಗೆ 50 ಮೆಗಾಬಿಟ್‌ನ ಮನೆ ಸಂಪರ್ಕದಿಂದ ಒಮ್ಮೆ ಹೊರಗೆ ಕಳಿಸಲು ನಾಲ್ಕು ದಿನಕ್ಕೆ ತುಸು ಕಡಿಮೆ ಬೇಕು. ಬಾಡಿಗೆ ಸರ್ವರಿನ ಒಂದು ಗಿಗಾಬಿಟ್ ತಂತಿಗೆ ನಾಲ್ಕೂವರೆ ತಾಸು. ನಮ್ಮಲ್ಲಿ ‘ಅನಿಯಮಿತ’ ಎಂದು ಮಾರುವ ಹಲವು ಯೋಜನೆಗಳಿಗೆ ತಿಂಗಳಿಗೆ 3,300 ಜಿಬಿಯ ಅಂಕುಶವಿದೆ ಎಂಬುದನ್ನೂ ಮರೆಯಬೇಡಿ.

ಆದರೆ ದೂರಕ್ಕೆ ಮದ್ದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಕರ್ನಾಟಕದಿಂದ ಜರ್ಮನಿಗೆ ನೇರ ಗೆರೆ ಎಳೆದರೂ ಏಳು ಸಾವಿರ ಕಿ.ಮೀ. ಮೀರುತ್ತದೆ, ಹೋಗಿಬರಲು ಕನಿಷ್ಠ 70 ಮಿಲಿಸೆಕೆಂಡು. ಸಮುದ್ರದ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ 100 ದಾಟುತ್ತದೆ. 2024ರ ಆರಂಭದಲ್ಲಿ ಕೆಂಪು ಸಮುದ್ರದಡಿಯ ಕೇಬಲ್‌ಗಳು ತುಂಡಾದಾಗ ಏಷ್ಯಾ-ಯೂರೋಪಿನ ನಡುವಿನ ದಟ್ಟಣೆ ಬೇರೆ ದಾರಿ ಹುಡುಕಬೇಕಾಯಿತು. ತಾಳಮದ್ದಳೆ ಕೇಳುವವರಿಗೆ ಈ ತಡದಿಂದ ನಷ್ಟವಿಲ್ಲ, ಆನ್‌ಲೈನ್ ಆಟ ಆಡುವವರಿಗೆ ಇದೆ.

ದೊಡ್ಡ ಕಟ್ಟಡದಲ್ಲಿದೆ, ಹಾಗಾಗಿ ಭದ್ರ ಎಂಬ ನಂಬಿಕೆಗೂ ಒಂದು ಮಿತಿ ಬೇಕು. 2021ರ ಮಾರ್ಚ್ 10ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಸುಟ್ಟು ಕರಕಲಾಯಿತು. ರಸ್ಟ್ ಎಂಬ ಆಟದ ಯೂರೋಪಿನ ಹಲವು ಸರ್ವರುಗಳ ದತ್ತಾಂಶ ಹೋದದ್ದು ಹೋಯಿತು. ಹಣ ಕಟ್ಟಿ ಬ್ಯಾಕಪ್ ಸೇವೆ ಪಡೆದಿದ್ದ ಒಬ್ಬ ಗಿರಾಕಿಯ ಬ್ಯಾಕಪ್ ಇದ್ದದ್ದು ಅದೇ ಕಟ್ಟಡದಲ್ಲಿ! ಪ್ರಕರಣ ಕೋರ್ಟು ಹತ್ತಿ, 2023ರಲ್ಲಿ ಕಂಪನಿ ಒಂದು ಲಕ್ಷ ಯೂರೋಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಪರಿಹಾರ ಸಿಕ್ಕಿತೆಂದು ಕಡತ ವಾಪಸ್ ಬರುವುದಿಲ್ಲ. ಎರಡು ಡಿಸ್ಕ್‌ಗಳಿಗೆ ಒಂದೇ ದತ್ತಾಂಶ ಬರೆಯುವ ರೇಡ್ ಒಂದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ. ಬೆಂಕಿಯಿಂದಲೂ ಕಾಪಾಡುವುದಿಲ್ಲ, ತಪ್ಪಾಗಿ ಡಿಲೀಟ್ ಒತ್ತಿದ ಬೆರಳಿನಿಂದಲೂ ಕಾಪಾಡುವುದಿಲ್ಲ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಮಿನಿ ಪಿಸಿ, ಡಿಸ್ಕ್, ಯುಪಿಎಸ್ ಸೇರಿ 40 ಸಾವಿರ ಎಂದಿಟ್ಟುಕೊಳ್ಳಿ. ತಿಂಗಳಿಗೆ ನಾಲ್ಕು ಸಾವಿರದ ಬಾಡಿಗೆಯಾದರೆ ಹತ್ತು ತಿಂಗಳಿಗೆ ಅಷ್ಟಾಯಿತು. ಐದು ವರ್ಷ ಬಾಳಿಸುವ ಲೆಕ್ಕದಲ್ಲಿ ಮನೆಯದೇ ಅಗ್ಗ. ಡಿಸ್ಕ್ ಸತ್ತ ದಿನ ಸ್ಕ್ರೂಡ್ರೈವರ್ ಹಿಡಿಯುವವರು ಯಾರು ಎಂಬುದೊಂದು ಈ ಲೆಕ್ಕದಲ್ಲಿ ಬರುವುದಿಲ್ಲ. ಬಾಡಿಗೆಯ ಕಡೆ ದೂರು ಕೊಟ್ಟರೆ ಡೇಟಾ ಸೆಂಟರಿನ ಹುಡುಗ ಡಿಸ್ಕ್ ಬದಲಿಸುತ್ತಾನೆ. ಮನೆಯಲ್ಲಿ ಆ ಹುಡುಗ ನೀವೇ.

ನನ್ನ ತೀರ್ಮಾನ ಹೀಗೆ. ಮನೆಯವರ ಫೋಟೋ, ಸಿನಿಮಾ, ಕಾಗದಪತ್ರಗಳಿಗೆ ಮನೆಯ ಸರ್ವರೇ ಸರಿ. ಕೇಳುವವರೂ ಅದೇ ಸೂರಿನಡಿ ಇದ್ದಾರೆ. ದುಡ್ಡು ಕೊಟ್ಟ ಗಿರಾಕಿಗಳು ಬರುವ ವೆಬ್‌ಸೈಟು, ಇಮೇಲ್, ರಾತ್ರಿ ಎರಡಕ್ಕೂ ನಿಲ್ಲಬಾರದ ಕೆಲಸವಾದರೆ ಹಿಂದೆಮುಂದೆ ನೋಡದೆ ಬಾಡಿಗೆಗೆ ಹೋಗಿ. ನಮ್ಮ ತಾಳಮದ್ದಳೆ ಸಂಘಕ್ಕೆ ಎರಡರ ಬೆರಕೆ ಒಳ್ಳೆಯದು. ದೊಡ್ಡ ಡಿಸ್ಕ್ ಊರಲ್ಲೇ ಇರಲಿ. ತಿಂಗಳಿಗೆ ಕೆಲವು ನೂರು ರೂಪಾಯಿಯ ಪುಟ್ಟ ವರ್ಚುವಲ್ ಸರ್ವರ್ (ದೊಡ್ಡ ಯಂತ್ರದ ಹಂಚಿದ ತುಂಡು) ಒಂದನ್ನು ಹೊರಗೆ ಹಿಡಿದು, ಮನೆಯ ಯಂತ್ರವೇ ವೈರ್‌ಗಾರ್ಡ್ ಎಂಬ ತಂತ್ರಾಂಶದ ಮೂಲಕ ಅದಕ್ಕೆ ಒಳಗಿನಿಂದ ಸುರಂಗ ತೋಡಲಿ. ಕೋರಿಕೆ ಒಳಗಿನಿಂದ ಹೊರಟದ್ದರಿಂದ ಗೇಟಿನ ತಕರಾರಿಲ್ಲ, ಭಾವ ಆ ಪುಟ್ಟ ಸರ್ವರಿನ ವಿಳಾಸಕ್ಕೆ ಬಂದರೆ ಸಾಕು. ಇನ್ನೊಂದು ಪ್ರತಿ ಬೇರೆ ಊರಿನ ಸದಸ್ಯರೊಬ್ಬರ ಮನೆಯಲ್ಲಿರಲಿ, ವರ್ಷಕ್ಕೆರಡು ಸಲ ಅದರಿಂದ ಒಂದು ಪ್ರಸಂಗವನ್ನು ತೆರೆದು ಕೇಳಿ ನೋಡಿ.

ಇದರಲ್ಲಿ ಏನನ್ನಾದರೂ ಕೊಳ್ಳುವ ಮುನ್ನ ನಿಮ್ಮ ಇಂಟರ್ನೆಟ್ ಕಂಪನಿಗೆ ಒಂದು ಫೋನ್ ಮಾಡಿ: ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಡುತ್ತೀರಾ, ತಿಂಗಳಿಗೆ ಎಷ್ಟು, ಹೊರಗಿನಿಂದ ಬರುವ ಸಂಪರ್ಕ ತಡೆಯುತ್ತೀರಾ ಎಂದು ಕೇಳಿ ಬರೆದಿಟ್ಟುಕೊಳ್ಳಿ.