ಬೈಪಾಸು ಸರಿ, ಊರಿಗೆ ಬಾಗಿಲೆಲ್ಲಿ?

ಸಕಲೇಶಪುರ: ಬಿ.ಎಂ. ರಸ್ತೆಯ ಈ ಬದಿಯ ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ಕಟ್ಟಿಸಿಕೊಂಡು ಆ ಬದಿಗೆ ದಾಟಲು ಎಷ್ಟು ಹೊತ್ತು ಬೇಕಾಗಿತ್ತು? ಈ ಲೆಕ್ಕವನ್ನು ಮೇಷ್ಟರಿಗೆ ಕೇಳಬೇಡಿ. ಹೇಮಾವತಿ ಸೇತುವೆ ಮೇಲೆ ಎಷ್ಟು ಲಾರಿ ನಿಂತಿವೆ ಅಂತ ನೋಡಿ ಹೇಳಬೇಕಾದ ಲೆಕ್ಕ ಅದು. ಬೈಪಾಸ್ ಇಲ್ಲದ ಕಾಲದಲ್ಲಿ ಈ ಊರಿನವರು ರಸ್ತೆ ದಾಟುತ್ತಿರಲಿಲ್ಲ, ರಸ್ತೆ ದಾಟಲು ಕಾಯುತ್ತಿದ್ದರು.

ಬಿ.ಎಂ. ಅಂದರೆ ಬೆಂಗಳೂರು–ಮಂಗಳೂರು. ದೊಡ್ಡ ಹೆಸರು, ಸಣ್ಣ ರಸ್ತೆ. ಮೊದಲು ಇದರ ನಂಬರು 48 ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ 75 ಆಯಿತು. ನಂಬರು ಬದಲಾಯಿತೇ ಹೊರತು ಊರೊಳಗೆ ರಸ್ತೆಯ ಅಗಲ ಬದಲಾಗಲಿಲ್ಲ. ಒಂದು ಕಡೆಯಿಂದ ಆಲೂರು, ಪಾಳ್ಯ, ಬಾಳ್ಳುಪೇಟೆ ಹಾದು ಬಂದ ಬಸ್ಸು. ಇನ್ನೊಂದು ಕಡೆಯಿಂದ ಶಿರಾಡಿ ಹತ್ತಿ ಬಂದ ಮಂಗಳೂರು ಬಂದರಿನ ಸರಕು, ಗ್ಯಾಸ್ ಟ್ಯಾಂಕರು. ಇವುಗಳ ಮಧ್ಯೆ ಮೂಡಿಗೆರೆ ಬಸ್ಸು, ಅರೇಹಳ್ಳಿ ಮೇಲೆ ಬೇಲೂರಿಗೆ ಹೋಗುವ ಬಸ್ಸು, ಶನಿವಾರಸಂತೆ ಕಡೆಯದು, ಹೆತ್ತೂರು ಕಡೆಯದು. ಕಾಫಿ ಕುಯ್ಲಿನ ತಿಂಗಳಾದರೆ ಆಳುಗಳನ್ನು ತುಂಬಿಕೊಂಡ ತೋಟದ ಜೀಪು ಬೇರೆ. ಎಲ್ಲಕ್ಕೂ ಅದೇ ಒಂದು ಬೀದಿ.

ಹಾಸನ–ಮಂಗಳೂರು ರೈಲು 1979ರಲ್ಲಿ ಓಡಲು ಶುರುವಾದಾಗ ರಸ್ತೆಯ ಭಾರ ಇಳಿಯುತ್ತದೆ ಅಂದುಕೊಂಡವರು ಬಹಳ. ಆಮೇಲೆ ಹಳಿಯ ಗೇಜ್ ಬದಲಾವಣೆಗೆಂದು ರೈಲು ನಿಂತಿತು. ಪ್ರಯಾಣಿಕರ ರೈಲು ಮತ್ತೆ ಕೂಗಿದ್ದು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಮೇಲೆ ಘಾಟಿ ಇಳಿಯಲು ಜನರಿಗಿದ್ದ ಗತಿ ಬಸ್ಸೊಂದೇ.

ಘಾಟಿ ಕೆಟ್ಟರಂತೂ ಕೇಳುವುದೇ ಬೇಡ. 2018ರ ಜನವರಿಯಲ್ಲಿ ಕಾಂಕ್ರೀಟು ಹಾಕಲೆಂದು ಶಿರಾಡಿ ಮುಚ್ಚಿದರು. ಜುಲೈನಲ್ಲಿ ತೆಗೆದರು, ಆಗಸ್ಟಿನಲ್ಲಿ ಮಳೆ ಬಂದು ಮತ್ತೆ ಮುಚ್ಚಿಸಿತು. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಹತ್ತಿರ ಗುಡ್ಡ ರಸ್ತೆಗೇ ಇಳಿದು ಬಂತು. ಘಾಟಿ ಮುಚ್ಚಿದಾಗ ಕಾರಿನವರು ಚಾರ್ಮಾಡಿ ಹಿಡಿಯುತ್ತಾರೆ. ದೊಡ್ಡ ಲಾರಿಯವನು ಎಲ್ಲಿಗೆ ಹೋದಾನು? ಅವನು ನಮ್ಮೂರಿನ ಮುಂದೆ ಎಂಜಿನ್ ಆರಿಸಿ, ಸ್ಟೌವ್ ಹಚ್ಚಿ ಅನ್ನಕ್ಕಿಡುತ್ತಾನೆ. ಅವನದೂ ತಪ್ಪಲ್ಲ.

ಆದ್ದರಿಂದ ಬೈಪಾಸ್ ಬೇಕು ಅನ್ನುವ ಕೂಗು ಇಂದಿನದಲ್ಲ. ಹಾಸನದಿಂದ ಮಾರನಹಳ್ಳಿವರೆಗಿನ ಸುಮಾರು 45 ಕಿಲೋಮೀಟರು ಚತುಷ್ಪಥ ಕೆಲಸ ಆಮೆಗೂ ನಾಚಿಕೆಯಾಗುವಂತೆ ನಡೆಯಿತು. ಮಳೆಗಾಲ ಬಂದರೆ ಗುಂಡಿ, ಬೇಸಿಗೆ ಬಂದರೆ ಧೂಳು. ಜನ ರಸ್ತೆಗಿಳಿದು ಧರಣಿ ಕೂತರು, ಮನವಿ ಕೊಟ್ಟರು. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ರಸ್ತೆಯ ಅಂಚೇ ಕುಸಿದು ಕೂತಿತು. ಕೊನೆಗೂ ಊರನ್ನು ಪಕ್ಕಕ್ಕೆ ಬಿಟ್ಟು, ಹೇಮಾವತಿಯನ್ನು ಬೇರೆ ಕಡೆ ದಾಟಿ, ಆನೆಮಹಲ್ ಕಡೆ ಸೇರುವ ಹೊಸ ದಾರಿಯಲ್ಲಿ ವಾಹನ ಓಡಿದವು. ಬಿ.ಎಂ. ರಸ್ತೆಯ ಅಂಗಡಿಯವರು ಉಸಿರು ಬಿಟ್ಟರು.

ಉಸಿರು ಬಿಟ್ಟ ಮೇಲೆ ಯೋಚನೆ ಶುರುವಾಯಿತು.

ಎಲ್ಲ ಅಂಗಡಿಯೂ ಒಂದೇ ಅಲ್ಲ, ನೋಡಿ. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಗೊಬ್ಬರ–ಔಷಧಿ ಅಂಗಡಿಯವರಿಗೆ ಗಿರಾಕಿ ಬರುವುದು ತೋಟದಿಂದ, ಹಳ್ಳಿಯಿಂದ. ಅವನ ಜೀಪು ಬಾಗಿಲ ಮುಂದೆ ಐದು ನಿಮಿಷ ನಿಲ್ಲಲು ಜಾಗ ಬೇಕು. ಲಾರಿ ಊರು ಬಿಟ್ಟು ಹೋದಷ್ಟೂ ಇವರಿಗೆ ಲಾಭ. ಹೋಟೆಲು, ಬೇಕರಿ, ಪಂಕ್ಚರ್ ಅಂಗಡಿ, ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಯ ಕತೆ ಬೇರೆ. ಅವರ ಗಿರಾಕಿ ಈ ಊರಿನವನಲ್ಲ, ಈ ಊರನ್ನು ಹಾದುಹೋಗುವವನು. ಹಾದುಹೋಗುವವನು ಹಾಯದೇ ಹೋದರೆ? ಕಾಫಿಪುಡಿ, ಏಲಕ್ಕಿ, ಮೆಣಸು ಮಾರುವವರದು ಮಧ್ಯದ ಪಾಡು. ಅವರಿಗೆ ಬೆಂಗಳೂರಿನ ಕಾರೂ ಬೇಕು, ಕಾರು ನಿಲ್ಲಿಸಲು ಜಾಗವೂ ಬೇಕು. ಒಂದೇ ಬೀದಿಯಲ್ಲಿ ಒಬ್ಬರು ಬೈಪಾಸಿಗೆ ಹಾರ ಹಾಕುತ್ತಾರೆ, ಪಕ್ಕದವರು ಗಲ್ಲದ ಮೇಲೆ ಕೈ ಇಡುತ್ತಾರೆ. ಇಬ್ಬರ ಮಾತೂ ನಿಜ.

ಇಲ್ಲೇ ಬಾಗಿಲಿನ ಪ್ರಶ್ನೆ ಬರುವುದು. ಹೆದ್ದಾರಿಯಿಂದ ಊರಿಗೆ ಇಳಿಯುವ ಬಾಯಿ ಎಲ್ಲಿ, ಹೇಗೆ ಇರಬೇಕು? ಬಾಯಿ ಸರಿಯಿದ್ದರೆ ಬರಬೇಕಾದವನು ಬರುತ್ತಾನೆ, ಬೇಡದವನು ನೆಟ್ಟಗೆ ಹೋಗುತ್ತಾನೆ. ಸರಿಯಿಲ್ಲದಿದ್ದರೆ ಎರಡೂ ಕೆಟ್ಟವು.

ಇದು ಬಾಯಿಮಾತಲ್ಲ. ಮೈಸೂರು ರಸ್ತೆಯನ್ನು ನೋಡಿ ಬನ್ನಿ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮಧ್ಯೆ ಆರು ಪಥ, ಎರಡೂ ಪಕ್ಕ ಸರ್ವಿಸ್ ರೋಡು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸು. ಕಾರಿನವರಿಗೆ ಖುಷಿಯೋ ಖುಷಿ. ಆದರೆ ಚನ್ನಪಟ್ಟಣದ ಗೊಂಬೆ ಅಂಗಡಿಯ ಮುಂದೆ, ಮದ್ದೂರಿನ ವಡೆ ಹೋಟೆಲಿನ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಬೇಲಿ ಹಾಕಿದ ರಸ್ತೆಯಿಂದ ಕೆಳಗಿಳಿಯಲು ಬೇಕಾದ ಕಡೆ ದಾರಿಯಿಲ್ಲ, ಸರ್ವಿಸ್ ರೋಡು ಸರಿಯಿಲ್ಲ ಎಂದು ದಾರಿಯುದ್ದದ ಊರಿನವರು ಧರಣಿ ಹೂಡಿದರು. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಬರಕೂಡದು ಎಂದೂ ಆಯಿತು. ಹಳೇ ರಸ್ತೆ, ಸರ್ವಿಸ್ ರೋಡುಗಳೇ ಹಳ್ಳಿಯವನ ಪಾಲಿಗೆ ಉಳಿದವು. ರಸ್ತೆ ಹಾಕುವ ಮುಂಚೆ ಕೇಳಬೇಕಾದದ್ದನ್ನು ಹಾಕಿದ ಮೇಲೆ ಕೇಳಿದರೆ ಹೀಗೇ. ಒಡೆದು ಕಟ್ಟುವ ದುಡ್ಡು ಯಾರ ಜೇಬಿನದು?

ನಮ್ಮ ಕಡೆ ಮಳೆ ಇದೆ, ಮಂಜಿದೆ, ಇಳಿಜಾರಿದೆ. ಮಂಗಳೂರಿನಿಂದ ಲೋಡು ಹೊತ್ತು ಘಾಟಿ ಹತ್ತಿ ಬಂದವನು ಮೇಲೆ ಸಮ ರಸ್ತೆ ಸಿಕ್ಕ ಕೂಡಲೇ ಕಾಲು ಒತ್ತುತ್ತಾನೆ. ಅಂಥ ಕಡೆ ಊರಿನ ಸ್ಕೂಟರು ಅಡ್ಡ ತಿರುಗಬೇಕಾದರೆ ಗತಿಯೇನು? ಡಿವೈಡರಿನಲ್ಲಿ ಸಂದು ಬಿಟ್ಟರೆ ಅದು ಬಾಗಿಲಲ್ಲ, ಬಲೆ. ಸಂದು ಬಿಡದಿದ್ದರೆ ಜನ ತಾವೇ ಕಲ್ಲು ಕಿತ್ತು ಸಂದು ಮಾಡಿಕೊಳ್ಳುತ್ತಾರೆ. ಎದುರು ದಿಕ್ಕಿನಲ್ಲೇ ಬೈಕು ಓಡಿಸುತ್ತಾರೆ. ಯಾವ ಹೆದ್ದಾರಿಯ ಪಕ್ಕ ನಿಂತರೂ ಇದು ಕಾಣುತ್ತದೆ. ಪೊಲೀಸರು ದಂಡ ಹಾಕಬಹುದು, ಆದರೆ ಮೂರು ಕಿಲೋಮೀಟರು ಸುತ್ತಿ ಬಾ ಅಂದರೆ ಹಾಲಿನ ಕ್ಯಾನು ಕಟ್ಟಿಕೊಂಡವನು ಸುತ್ತುತ್ತಾನೆಯೇ?

ಬಸ್ ಪ್ರಯಾಣಿಕರ ಪಾಡು ಇದಕ್ಕಿಂತ ಸೂಕ್ಷ್ಮ. ವೇಗದೂತಕ್ಕೆ ಬೈಪಾಸು ಅಂದರೆ ಉಳಿತಾಯ: ಡೀಸೆಲ್ ಉಳಿಯಿತು, ಹೊತ್ತು ಉಳಿಯಿತು. ಆ ಉಳಿತಾಯಕ್ಕೆ ಆಸೆಪಟ್ಟು ರಾತ್ರಿ ಬಸ್ಸು ಊರೊಳಗೆ ಬರದೆ, ಬೈಪಾಸಿನ ಬಾಯಲ್ಲೇ ಜನರನ್ನು ಇಳಿಸಿ ಹೊರಟರೆ? ಮಗು, ಚೀಲ, ಛತ್ರಿ ಹಿಡಿದ ಹೆಂಗಸು ಆ ಕತ್ತಲಲ್ಲಿ ಯಾವ ಆಟೋ ಹುಡುಕಬೇಕು? ನಾನು ಪಿಯುಸಿಗೇ ಪುಸ್ತಕ ಮಡಚಿಟ್ಟವನು, ರಸ್ತೆ ಕಟ್ಟುವ ವಿದ್ಯೆ ನನಗೆ ಬಾರದು. ಬಸ್ಸಿಗೆ ಕಾಯುವ ವಿದ್ಯೆಯಲ್ಲಿ ಮಾತ್ರ ಇಪ್ಪತ್ತು ವರ್ಷದ ಸರ್ವೀಸಿದೆ. ಆ ಅನುಭವದಿಂದ ಹೇಳುತ್ತೇನೆ: ದೀಪ, ತಂಗುದಾಣ, ಬಸ್ಸು ಪಕ್ಕಕ್ಕೆ ಸರಿದು ನಿಲ್ಲುವಷ್ಟು ಜಾಗ, ಊರಿನ ಕಡೆಗೆ ನಡೆದು ಹೋಗಲು ಕಾಲುದಾರಿ, ಇಷ್ಟಿಲ್ಲದ ಕಡೆ ಪ್ರಯಾಣಿಕರನ್ನು ಇಳಿಸಬಾರದು. ಕ್ರಾಫರ್ಡ್ ಆಸ್ಪತ್ರೆ ಇರುವುದು ಊರೊಳಗೆ, ಬೈಪಾಸಿನ ಮೇಲಲ್ಲ. ಹೆದ್ದಾರಿಯಲ್ಲಿ ಪೆಟ್ಟು ತಿಂದವನನ್ನು ಹೊತ್ತ ಗಾಡಿಯೂ ಇದೇ ಬಾಗಿಲಿನಿಂದಲೇ ಒಳಗೆ ಬರಬೇಕು.

ಆಲೂರು, ಪಾಳ್ಯ, ಬಾಳ್ಳುಪೇಟೆಯವರು ಇದು ಸಕಲೇಶಪುರದ ತಲೆನೋವು ಅಂತ ಪೇಪರು ಮಡಚಬೇಡಿ. ನಿಮ್ಮೂರಿನ ಕೂಡಿಗೆಯಲ್ಲೂ ಇದೇ ಪ್ರಶ್ನೆ ಇದೆ. ಈ ಬದಿ ಮನೆ, ಆ ಬದಿ ಗದ್ದೆ ಇರುವವನ ಎತ್ತಿನ ಗಾಡಿ ನಾಲ್ಕು ಪಥ ದಾಟುವುದು ಹೇಗೆ? ಶಾಲೆಯ ಹುಡುಗರು ದಾಟುವುದು ಹೇಗೆ?

ಇನ್ನು ಕೇಳುವ ರೀತಿ. ಬರೀ ‘ರಸ್ತೆ ಸರಿ ಮಾಡಿ’ ಅಂತ ಬರೆದ ಮನವಿಗೆ ಸಿಗುವುದು ‘ಪರಿಶೀಲಿಸಲಾಗುವುದು’ ಅನ್ನುವ ಒಂದೇ ಉತ್ತರ. ಯಾವ ಜಾಗ, ಯಾವ ಹೊತ್ತಿನಲ್ಲಿ ಎಷ್ಟು ಬಸ್ಸು, ಎಷ್ಟು ಮಕ್ಕಳು, ಅಲ್ಲಿ ಎಷ್ಟು ಅಪಘಾತ ಆಗಿದೆ, ಕೇಳುತ್ತಿರುವುದು ಅಂಡರ್‌ಪಾಸೋ, ಸರ್ವಿಸ್ ರೋಡೋ, ಬಸ್ಸು ನಿಲ್ಲುವ ಜಾಗವೋ ಅಂತ ಬಿಡಿಸಿ ಬರೆಯಬೇಕು. ದಿನಸಿ ಅಂಗಡಿಯವರೂ ಹೋಟೆಲಿನವರೂ ಬೇರೆ ಬೇರೆ ಮನವಿ ಕೊಟ್ಟರೆ ಆಫೀಸಿನವರಿಗೆ ಹಬ್ಬ, ಒಂದನ್ನು ತೋರಿಸಿ ಇನ್ನೊಂದನ್ನು ತಳ್ಳುತ್ತಾರೆ. ಯಾರೋ ಒಬ್ಬರು ತಮ್ಮ ಜಮೀನಿನ ಮುಂದೆ ತಾವೇ ದಾರಿ ಬಿಡಿಸಿಕೊಳ್ಳುವ ಕಾಲವೂ ಮುಗಿದಿದೆ. 2002ರ ಹೆದ್ದಾರಿ ಕಾಯ್ದೆಯಂತೆ ಅದಕ್ಕೆ ಹೆದ್ದಾರಿ ಆಡಳಿತದ ಅಪ್ಪಣೆ ಬೇಕು. ರಸ್ತೆಯಲ್ಲಿ ಅಪಘಾತವೋ, ಬೇರೆ ತೊಂದರೆಯೋ ಆದರೆ 1033ಕ್ಕೆ ಫೋನು ಮಾಡಬಹುದು.

ಘಾಟಿಯ ರಸ್ತೆ ಅಗಲ ಮಾಡುವ, ಸುರಂಗ ಕೊರೆಯುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಅದಕ್ಕೋ ಇನ್ನೊಂದಕ್ಕೋ ಮತ್ತೆ ಜಮೀನು ಬೇಕಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಮೊದಲು ಗೆಜೆಟ್ಟಿನಲ್ಲಿ ಪ್ರಕಟಣೆ ಹೊರಡುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ನಮ್ಮ ಭಾಷೆಯದೇ ಆಗಿರಬೇಕು. ಜಮೀನಿನಲ್ಲಿ ಹಕ್ಕಿರುವವರು ಆಕ್ಷೇಪಣೆ ಸಲ್ಲಿಸಲು ಗೆಜೆಟ್ ಪ್ರಕಟಣೆಯಾದ ದಿನದಿಂದ 21 ದಿನ ಮಾತ್ರ. ಸರ್ವೆ ನಂಬರುಗಳ ಉದ್ದ ಪಟ್ಟಿ, ಸಾಸಿವೆ ಕಾಳಿನಷ್ಟು ಅಕ್ಷರ. ಅಂಗಡಿಯವರೇ, ಆ ಹಾಳೆಯಲ್ಲಿ ಬೋಂಡ ಕಟ್ಟುವ ಮುಂಚೆ ಒಂದು ಸಲ ಕನ್ನಡಕ ಹಾಕಿಕೊಂಡು ಓದಿ.