ಶಾಸನಗಳ ಸಾರಾಂಶಕ್ರಮ

ಶಿಲಾಶಾಸನದ ಸಾರಾಂಶವನ್ನು ಬರೆಯುವವನು ಮೊದಲು ನಿಶ್ಚಯಿಸಬೇಕಾದುದು ಏನನ್ನು ಬಿಡಬಹುದೆಂಬುದನ್ನು. ಚನ್ನಗಿರಿ, ಹೊನ್ನಾಳಿ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (1902) ಪ್ರಕಟಿಸಿದರು, ಜಗಳೂರಿನವು ಚಿತ್ರದುರ್ಗದ ಹನ್ನೊಂದನೆಯ ಸಂಪುಟಕ್ಕೆ ಸೇರಿದುವು. ನ್ಯಾಮತಿಯು ಆಗ ಹೊನ್ನಾಳಿಯೊಳಗೇ ಇದ್ದಿತು.

ಅನುವಾದದ ತಲೆಯಲ್ಲಿ ಕಾಲವನ್ನು ಕೊಟ್ಟು, ಬಿರುದಾವಳಿ ಬಂದೆಡೆ ‘ಎಂದಿನ ಬಿರುದುಗಳೊಡನೆ’ ಎಂದೂ ಕೊನೆಯ ಶಾಪಶ್ಲೋಕಗಳಿಗೆ ‘ಎಂದಿನವು’ ಎಂದೂ ಆವರಣದಲ್ಲಿ ಸೂಚಿಸಿ ಸಾಗುವುದು ರೈಸರ ಪದ್ಧತಿ. ಅರಸನು, ದಾನಿ, ದತ್ತಿ, ಭೂಮಿಯ ಅಳತೆ—ಚರಿತ್ರಕಾರನಿಗೆ ಇಷ್ಟು ಸಾಕು. ಸಾಹಿತ್ಯದ ಅಧ್ಯಾಪಕನಿಗೆ ಸಾಲದು. ಕಂದವೃತ್ತಗಳಿರುವುದು ಬಹುಮಟ್ಟಿಗೆ ಆ ಪ್ರಶಸ್ತಿಭಾಗದಲ್ಲಿಯೇ. ಕವಿಯ ಹೆಸರೂ ಒಮ್ಮೊಮ್ಮೆ ಶಾಸನದ ಕೊನೆಯಲ್ಲಿ ಅಡಗಿರುತ್ತದೆ. ‘ಎಂದಿನದು’ ಯಾರಿಗೆ ಎಂದಿನದು?

ಎಂ. ಎಚ್. ಕೃಷ್ಣ ಅವರ ಕಾಲದ ಮೈಸೂರು ಪುರಾತತ್ತ್ವ ಇಲಾಖೆಯ ವರದಿಗಳು ಸ್ಥಳ, ಕಲ್ಲಿನ ಅಳತೆ, ಲಿಪಿ, ಭಾಷೆಗಳನ್ನು ಮೊದಲು ಹೇಳಿ, ಪಾಠವನ್ನೂ ಅನುವಾದವನ್ನೂ ಕೊಟ್ಟು, ವಿಮರ್ಶೆಯನ್ನು ಪ್ರತ್ಯೇಕ ಟಿಪ್ಪಣಿಯಲ್ಲಿಡುತ್ತವೆ. ಕಲ್ಲಿನ ಮಾತೂ ವಿದ್ವಾಂಸನ ಮಾತೂ ಬೆರೆಯದಿರುವುದೇ ಈ ಕ್ರಮದ ಮೇಲ್ಮೆ. ಇದಕ್ಕೆ ಪದ್ಯಗಳ ಸಂಖ್ಯೆ, ಛಂದಸ್ಸು, ಲೇಖಕನ ಹೆಸರುಗಳನ್ನು ಕೂಡಿಸಿದರೆ ಎರಡೇ ಸಾಲು ಹೆಚ್ಚುವುದು.

ಆದರೂ ರೈಸರ ಆವರಣಕ್ಕೆ ಒಂದು ಗುಣವುಂಟು: ಬಿಟ್ಟುದನ್ನು ಅದು ಮರೆಮಾಚುವುದಿಲ್ಲ. ನುಣುಪಾದ ಸಾರಾಂಶದಲ್ಲಿ ಕಲ್ಲು ಸವೆದು ಅಳಿದ ಪಂಕ್ತಿಗೂ ಬರೆದವನು ಕೈಬಿಟ್ಟ ಪಂಕ್ತಿಗೂ ಭೇದವೇ ತೋರದು.