ಅತ್ಯಲ್ಪ ಕಿಣ್ವವನ್ನು ಕಂಡುಹಿಡಿಯುವ ಬಗೆ

ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳಲ್ಲಿ ಬಹುಪಾಲು ಕಿಣ್ವಗಳ ನೆರವಿನಿಂದಲೇ ಸಾಗುತ್ತವೆ. ಇವುಗಳಲ್ಲಿ ಕೆಲವು ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಅವುಗಳ ಇರವನ್ನು ನೇರವಾಗಿ ಅರಿಯುವುದು ದುಸ್ತರ. ಆದರೆ ಕಿಣ್ವವು ಎಸಗಿದ ಕಾರ್ಯದ ಗುರುತನ್ನು ಡಿ.ಎನ್.ಎ. ರೂಪದಲ್ಲಿ ಹಿಡಿದು, ಆ ಗುರುತನ್ನೇ ಬಹುಪಟ್ಟು ವರ್ಧಿಸಿ ನೋಡಿದರೆ ಕಿಣ್ವದ ಚಟುವಟಿಕೆಯು ಬಯಲಾಗುತ್ತದೆ. ಟೆಲೊಮರೇಸ್ ಎಂಬ ಕಿಣ್ವದ ಪರೀಕ್ಷೆಯು ಇದಕ್ಕೆ ಉತ್ತಮ ನಿದರ್ಶನ.

ವರ್ಣತಂತುಗಳ ತುದಿಗಳಲ್ಲಿ ಟೆಲೊಮಿಯರ್ ಎಂಬ ರಕ್ಷಕ ಭಾಗಗಳಿವೆ. ಮಾನವನಲ್ಲಿ ಇವು ಟಿ-ಟಿ-ಎ-ಜಿ-ಜಿ-ಜಿ ಎಂಬ 6 ಘಟಕಗಳ ಸರಣಿಯು ಮತ್ತೆ ಮತ್ತೆ ಜೋಡಣೆಗೊಂಡು ಆದವು. ಕೋಶವು ವಿಭಜನೆಗೊಂಡಂತೆಲ್ಲ ಈ ತುದಿಗಳು ಸವೆಯುತ್ತವೆ. ಸವೆದುದನ್ನು ಮರಳಿ ಬೆಳೆಸುವ ಟೆಲೊಮರೇಸನ್ನು ಕ್ಯಾರೊಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರು 1984ರಲ್ಲಿ ಬರ್ಕ್ಲಿಯಲ್ಲಿ, ಕೊಳದ ನೀರಿನ ಏಕಕೋಶ ಜೀವಿಯೊಂದರಲ್ಲಿ ಕಂಡುಹಿಡಿದರು. ಜ್ಯಾಕ್ ಷೋಸ್ಟಾಕ್ ಅವರೊಡನೆ ಈ ಇಬ್ಬರಿಗೂ 2009ರ ನೊಬೆಲ್ ಪಾರಿತೋಷಕವು ಸಂದಿತು. ದೇಹದ ಬಹುತೇಕ ಕೋಶಗಳಲ್ಲಿ ಈ ಕಿಣ್ವವು ಸುಪ್ತವಾಗಿದ್ದು, ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವುಗಳಲ್ಲಿ ಜಾಗೃತವಾಗಿರುತ್ತದೆ.

ಇದನ್ನು ಅಳೆಯುವ ಸೂಕ್ಷ್ಮ ವಿಧಾನವು 1994ರಲ್ಲಿ ಪ್ರಕಟವಾಯಿತು. ಕೋಶಗಳಿಂದ ತೆಗೆದ ಸಾರಕ್ಕೆ ಡಿ.ಎನ್.ಎ.ಯ ಚಿಕ್ಕ ತುಣುಕುಗಳನ್ನು ಬೆರೆಸುತ್ತಾರೆ. ಸಾರದಲ್ಲಿ ಟೆಲೊಮರೇಸ್ ಇದ್ದರೆ ಅದು ಆ ತುಣುಕುಗಳ ತುದಿಗೆ 6 ಘಟಕಗಳ ಸರಣಿಯನ್ನು ಒಂದಾದ ಮೇಲೊಂದರಂತೆ ಸೇರಿಸುತ್ತದೆ. ಬಳಿಕ, ಪಿ.ಸಿ.ಆರ್. ಎಂಬ ಕ್ರಮದಿಂದ, ಹೀಗೆ ಬೆಳೆದ ತುಣುಕುಗಳನ್ನು ಮಾತ್ರ ಆವರ್ತನಕ್ಕೊಮ್ಮೆ ಇಮ್ಮಡಿಗೊಳಿಸುತ್ತಾರೆ. ಗಣಿತದ ಪ್ರಕಾರ 30 ಆವರ್ತನಗಳಲ್ಲಿ ಒಂದು ತುಣುಕು ಸುಮಾರು 107 ಕೋಟಿಯಾಗಬಲ್ಲದು. ಇವನ್ನು ಲೋಳೆಪದರದಲ್ಲಿ ವಿದ್ಯುತ್ತಿನಿಂದ ಬೇರ್ಪಡಿಸಿದಾಗ 6 ಘಟಕಗಳ ಅಂತರದಲ್ಲಿ ಏಣಿಯ ಮೆಟ್ಟಿಲುಗಳಂತಹ ಪಟ್ಟೆಗಳು ಮೂಡುತ್ತವೆ.

ಆ ಅಧ್ಯಯನದಲ್ಲಿ ಪರೀಕ್ಷಿಸಿದ 101 ಕ್ಯಾನ್ಸರ್ ಗಡ್ಡೆಗಳ ಮಾದರಿಗಳಲ್ಲಿ 90ರಲ್ಲಿ ಕಿಣ್ವದ ಚಟುವಟಿಕೆಯು ಕಂಡುಬಂದಿತು. ದೇಹದ 50 ಸಾಮಾನ್ಯ ಅಂಗಾಂಶಗಳಲ್ಲಿ ಒಂದರಲ್ಲಿಯೂ ಕಾಣಲಿಲ್ಲ.

ಆದರೆ ಸತ್ಯವನ್ನು ವರ್ಧಿಸುವ ಕ್ರಮವು ದೋಷವನ್ನೂ ಅಷ್ಟೇ ವರ್ಧಿಸುತ್ತದೆ. ಹಿಂದಿನ ಪ್ರಯೋಗದ ಡಿ.ಎನ್.ಎ. ಲವಲೇಶ ಬೆರೆತರೂ ಇಲ್ಲದ ಕಿಣ್ವವು ಇದ್ದಂತೆ ತೋರಬಹುದು. ಆದುದರಿಂದ ಅದೇ ಸಾರದ ಒಂದು ಭಾಗವನ್ನು ಕಾಯಿಸಿ, ಕಿಣ್ವವನ್ನು ನಿಷ್ಕ್ರಿಯಗೊಳಿಸಿ, ಜೊತೆಯಲ್ಲಿಯೇ ಪರೀಕ್ಷಿಸುತ್ತಾರೆ. ಅಲ್ಲಿಯೂ ಪಟ್ಟೆಗಳು ಮೂಡಿದರೆ ಫಲಿತಾಂಶವನ್ನು ನಂಬಲಾಗದು. ಶಾಲೆಯ ಪ್ರಯೋಗಾಲಯದಲ್ಲಿ ಪಿಷ್ಟದ ಮೇಲೆ ಲಾಲಾರಸದ ಕ್ರಿಯೆಯನ್ನು ತೋರಿಸುವಾಗ, ಕುದಿಸಿದ ಲಾಲಾರಸದ ಇನ್ನೊಂದು ಪ್ರನಾಳವನ್ನು ಇಡುವುದೂ ಇದೇ ತತ್ತ್ವದಿಂದ. ಇದಕ್ಕೆ ವ್ಯತಿರಿಕ್ತವಾಗಿ, ಅಂಗಾಂಶದಲ್ಲಿನ ಕೆಲವು ವಸ್ತುಗಳು ವರ್ಧನೆಯನ್ನೇ ತಡೆಯುವುದುಂಟು. ಅದನ್ನರಿಯಲು ಗೊತ್ತಾದ ಡಿ.ಎನ್.ಎ.ಯೊಂದನ್ನು ಬೆರೆಸಿಡುತ್ತಾರೆ, ಅದೂ ವರ್ಧಿಸದಿದ್ದಲ್ಲಿ "ಕಿಣ್ವವಿಲ್ಲ" ಎಂದು ಹೇಳುವಂತಿಲ್ಲ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಈ ಪರೀಕ್ಷೆಯೊಂದರಿಂದಲೇ ರೋಗನಿರ್ಣಯ ಮಾಡಲಾಗದು. ಸಂತಾನಕೋಶಗಳಲ್ಲಿಯೂ ರಕ್ತದ ಕೆಲವು ಬಿಳಿಕೋಶಗಳಲ್ಲಿಯೂ ಟೆಲೊಮರೇಸ್ ಸಹಜವಾಗಿಯೇ ಇರುತ್ತದೆ. ಕೆಲವು ಕ್ಯಾನ್ಸರುಗಳು ಅದಿಲ್ಲದೆಯೇ ಬೆಳೆಯುತ್ತವೆ. ರೋಗಿಯ ಬಾಳು ಫಲಿತಾಂಶವನ್ನು ಅವಲಂಬಿಸಿರುವಾಗ, ಮೂಡಿದ ಪಟ್ಟೆಯಷ್ಟೇ ಮಹತ್ತ್ವವು ಪಕ್ಕದ ಪ್ರನಾಳದಲ್ಲಿ ಮೂಡದಿದ್ದ ಪಟ್ಟೆಗೂ ಸಲ್ಲುತ್ತದೆ. ಈ ವಿವೇಕವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ವಿಜ್ಞಾನ ಬೋಧನೆಯ ಮುಖ್ಯ ಕರ್ತವ್ಯಗಳಲ್ಲೊಂದು.